ಪಾಠ 9: ನಮ್ಮ ಊರಿನ ಕಟ್ಟಡ, ನಮ್ಮ ಊರಿನ ಠಾಣೆ

ಸಂತೆಯಲ್ಲಿ ಮಡಿಕೆ ಕೊಳ್ಳುವಾಗ ನೀವು ಏನು ಮಾಡುತ್ತೀರಿ? ಬೆರಳಿನಿಂದ ಬಾರಿಸಿ ನೋಡುತ್ತೀರಿ. ಟಣ್ ಅಂದರೆ ಮಡಿಕೆ ಗಟ್ಟಿ. ಬದ್ ಅಂದರೆ ಎಲ್ಲೋ ಬಿರುಕು ಇದೆ. ಬಿರುಕು ಇದ್ದರೆ ಬೇಡ ಅಂತ ಇಟ್ಟುಬಿಡುತ್ತೀರಿ.

ಒಂದು ಮಡಿಕೆಗೇ ಇಷ್ಟು ಪರೀಕ್ಷೆ. ಹಾಗಾದರೆ ನಾವು ಮಲಗುವ ಮನೆ? ಮಕ್ಕಳು ಕೂತು ಓದುವ ಶಾಲೆ? ಮದುವೆಗೆ ಹೋಗುವ ಕಲ್ಯಾಣ ಮಂಟಪ? ಹೆಣ್ಣುಮಕ್ಕಳು ದುಡಿಯುವ ಕಾರ್ಖಾನೆ? ಇವನ್ನು ಯಾರು ಬಾರಿಸಿ ನೋಡುತ್ತಾರೆ?

ಇನ್ನೊಂದು ಮಾತು. ಕಷ್ಟ ಬಂದರೆ ಪೊಲೀಸ್ ಠಾಣೆಗೆ ಹೋಗುತ್ತೇವೆ. ಆ ಠಾಣೆ ಸರಿಯಾಗಿ ಕೆಲಸ ಮಾಡುತ್ತದೆಯೇ ಅಂತ ಯಾರು ನೋಡುತ್ತಾರೆ?

ಕಟ್ಟಡವನ್ನು ಬೆರಳಿನಿಂದ ಬಾರಿಸಿದರೆ ಏನೂ ತಿಳಿಯುವುದಿಲ್ಲ. ಠಾಣೆಯನ್ನೂ ಹಾಗೆ ನೋಡಲು ಬರುವುದಿಲ್ಲ. ಅದಕ್ಕೆಂದೇ ನಿಯಮಗಳು ಇವೆ. ನಿಯಮಗಳು ಕಾಗದದ ಮೇಲೆ ಇರುತ್ತವೆ. ಕಾಗದ ಓದಲು ಈಗ ನಿಮಗೆ ಬರುತ್ತದೆ. ಆದ್ದರಿಂದ ಈ ಪಾಠ.

1. ಮೂರು ದುಃಖದ ದಿನಗಳು

2004ರ ಜುಲೈ 16. ತಮಿಳುನಾಡಿನ ಕುಂಭಕೋಣಂ ಎಂಬ ಊರು. ಅಲ್ಲಿನ ಒಂದು ಶಾಲೆಗೆ ಬೆಂಕಿ ಬಿತ್ತು. ಶಾಲೆಯ ಮೇಲೆ ಗರಿಯ ಚಪ್ಪರ ಇತ್ತು. ಚಪ್ಪರ ಹೊತ್ತಿಕೊಂಡು ಮಕ್ಕಳ ಮೇಲೆ ಬಿತ್ತು. 94 ಮಕ್ಕಳು ಸತ್ತರು. ಬೆಳಗ್ಗೆ ಬುತ್ತಿ ಕಟ್ಟಿ ಕಳಿಸಿದ ತಾಯಂದಿರು ಮಧ್ಯಾಹ್ನ ಗುರುತು ಹುಡುಕಿಕೊಂಡು ಓಡಾಡಿದರು.

2010ರ ಫೆಬ್ರವರಿ 23. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆ. ಅಲ್ಲಿ ಕಾರ್ಲ್‌ಟನ್ ಟವರ್ಸ್ ಎಂಬ ದೊಡ್ಡ ಕಟ್ಟಡ. ಅದರಲ್ಲಿ ಅನೇಕ ಕಚೇರಿಗಳು. ಬೆಂಕಿ ಹತ್ತಿತು. ಬೆಂಕಿಗಿಂತ ಹೆಚ್ಚಾಗಿ ಹೊಗೆ ತುಂಬಿತು. ಇಳಿಯುವ ದಾರಿ ಸಿಗದೆ ಜನ ಕಿಟಕಿ ಗಾಜು ಒಡೆದರು. ಕೆಲವರು ಮೇಲಿಂದ ಹಾರಿದರು. 9 ಜನ ಸತ್ತರು.

2019ರ ಮಾರ್ಚ್ 19. ನಮ್ಮ ಧಾರವಾಡದ ಕುಮಾರೇಶ್ವರ ನಗರ. ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಒಮ್ಮೆಲೇ ಕುಸಿಯಿತು. ಒಳಗೆ ಜನ ಇದ್ದರು. ದಿನಗಟ್ಟಲೆ ಕಲ್ಲು ಕಾಂಕ್ರೀಟು ಸರಿಸಿ ಜನರನ್ನು ಹೊರಗೆ ತೆಗೆದರು. ಎಷ್ಟೋ ಜನ ಬದುಕಿ ಬಂದರು. ಆದರೆ 15ಕ್ಕೂ ಹೆಚ್ಚು ಜನ ಸತ್ತರು.

ಇಂಥದ್ದು ಆದಾಗ ನಾವು ಏನು ಅನ್ನುತ್ತೇವೆ? "ಅವರ ಹಣೆಬರಹ" ಅನ್ನುತ್ತೇವೆ. ಇದು ಹಣೆಬರಹ ಅಲ್ಲ. ಚಪ್ಪರ ಹಾಕಿದವರು ಮನುಷ್ಯರು. ಕಂಬ ನಿಲ್ಲಿಸಿದವರು ಮನುಷ್ಯರು. ಬಂದು ಪರೀಕ್ಷೆ ಮಾಡಬೇಕಾದವರೂ ಮನುಷ್ಯರು. ಮನುಷ್ಯರ ಕೆಲಸವನ್ನು ಮನುಷ್ಯರು ಕೇಳಬಹುದು.

2. ಕೇಳುವುದು ಯಾರನ್ನು?

ಹಳ್ಳಿಗೆ ಗ್ರಾಮ ಪಂಚಾಯಿತಿ ಇದೆ. ಊರು ದೊಡ್ಡದಾದರೆ ಬೇರೆ ಬೇರೆ ಹೆಸರು ಇದೆ. ನೋಡಿ:

ಜನ 10 ಸಾವಿರದಿಂದ 20 ಸಾವಿರ: ಪಟ್ಟಣ ಪಂಚಾಯಿತಿ.
ಜನ 20 ಸಾವಿರದಿಂದ 50 ಸಾವಿರ: ಪುರಸಭೆ.
ಜನ 50 ಸಾವಿರದಿಂದ 3 ಲಕ್ಷ: ನಗರಸಭೆ.
ಜನ 3 ಲಕ್ಷಕ್ಕಿಂತ ಹೆಚ್ಚು: ಮಹಾನಗರ ಪಾಲಿಕೆ.

ಈ ಪಾಠದಲ್ಲಿ ಎಲ್ಲಕ್ಕೂ ಸೇರಿ ನಗರಸಭೆ ಎಂದು ಕರೆಯೋಣ.

ಊರನ್ನು ವಾರ್ಡುಗಳಾಗಿ ಮಾಡಿರುತ್ತಾರೆ. ಪ್ರತಿ ವಾರ್ಡಿನಿಂದ ಒಬ್ಬ ಸದಸ್ಯರನ್ನು ನಾವು ವೋಟು ಹಾಕಿ ಆರಿಸುತ್ತೇವೆ. 1992ರಲ್ಲಿ ನಮ್ಮ ಸಂವಿಧಾನಕ್ಕೆ 74ನೇ ತಿದ್ದುಪಡಿ ಆಯಿತು. ಅದು 1993ರ ಜೂನ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ನಗರಸಭೆಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಇಲ್ಲದಂತೆ ಸ್ಥಾನಗಳು ಮಹಿಳೆಯರಿಗೆ ಮೀಸಲು. ಆದ್ದರಿಂದ ಇಂದು ಎಷ್ಟೋ ವಾರ್ಡುಗಳಲ್ಲಿ ಸದಸ್ಯೆ ಹೆಣ್ಣುಮಗಳೇ ಆಗಿದ್ದಾಳೆ.

ಸದಸ್ಯರು ಸೇರಿ ಸಭೆ ಮಾಡುತ್ತಾರೆ. ಸಭೆಗೆ ಮೊದಲು ವಿಷಯಗಳ ಪಟ್ಟಿ ಮಾಡುತ್ತಾರೆ. ಒಂದೊಂದೇ ವಿಷಯ ಚರ್ಚೆಗೆ ಬರುತ್ತದೆ. ಕೊನೆಗೆ ತೀರ್ಮಾನ ಮಾಡುತ್ತಾರೆ. ತೀರ್ಮಾನವನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಅದಕ್ಕೆ ನಡಾವಳಿ ಎಂದು ಹೆಸರು. ಬಾಯಿಮಾತು ಗಾಳಿಗೆ ಹೋಗುತ್ತದೆ. ನಡಾವಳಿ ಉಳಿಯುತ್ತದೆ.

ತೀರ್ಮಾನವನ್ನು ಕೆಲಸಕ್ಕೆ ತರುವವರು ಅಧಿಕಾರಿಗಳು. ಪುರಸಭೆಯಲ್ಲಿ ಮುಖ್ಯಾಧಿಕಾರಿ ಇರುತ್ತಾರೆ. ನಗರಸಭೆಯಲ್ಲಿ ಪೌರಾಯುಕ್ತರು ಇರುತ್ತಾರೆ. ಕೆಲವು ಸಲ ಚುನಾವಣೆ ತಡವಾಗುತ್ತದೆ. ಆಗ ಸದಸ್ಯರು ಇರುವುದಿಲ್ಲ. ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸುತ್ತದೆ. ಆಗಲೂ ನಾವು ಅರ್ಜಿ ಕೊಡಬಹುದು.

ಸಂವಿಧಾನದಲ್ಲಿ ನಗರಸಭೆಗೆ ಕೊಡಬಹುದಾದ 18 ಕೆಲಸಗಳ ಪಟ್ಟಿ ಇದೆ. ನೀರು, ಕಸ, ಬೀದಿ ದೀಪ ಎಲ್ಲ ಅದರಲ್ಲಿವೆ. ಕಟ್ಟಡ ಕಟ್ಟುವುದರ ಮೇಲೆ ಹತೋಟಿ ಇಡುವುದೂ ಅದರಲ್ಲಿದೆ.

3. ಕಟ್ಟಡದ ನಿಯಮ ಏನು ಕೇಳುತ್ತದೆ?

ನಮ್ಮ ಜಾಗ, ನಮ್ಮ ದುಡ್ಡು. ಹೇಗೆ ಬೇಕಾದರೂ ಕಟ್ಟಬಹುದು ಅಲ್ಲವೇ? ಅಲ್ಲ. ಯಾಕೆಂದರೆ ಗೋಡೆ ಬಿದ್ದರೆ ಮಾಲೀಕನ ಮೇಲೆ ಮಾತ್ರ ಬೀಳುವುದಿಲ್ಲ. ಬಾಡಿಗೆಯವರ ಮೇಲೆ ಬೀಳುತ್ತದೆ. ಗಾರೆ ಕೆಲಸದವರ ಮೇಲೆ ಬೀಳುತ್ತದೆ. ಪಕ್ಕದ ಗುಡಿಸಲಿನ ಮೇಲೆ ಬೀಳುತ್ತದೆ.

ಇಡೀ ದೇಶಕ್ಕೆ ದಾರಿ ತೋರಿಸಲು ರಾಷ್ಟ್ರೀಯ ಕಟ್ಟಡ ಸಂಹಿತೆ ಎಂಬ ದೊಡ್ಡ ಪುಸ್ತಕ ಇದೆ. ಅದು ಮೊದಲು ಬಂದದ್ದು 1970ರಲ್ಲಿ. ಆಮೇಲೆ 1983, 2005, 2016ರಲ್ಲಿ ತಿದ್ದಿ ಬರೆದರು. ಪ್ರತಿ ಊರಿಗೂ ತನ್ನದೇ ಕಟ್ಟಡ ನಿಯಮ ಇರುತ್ತದೆ. ನಿಯಮದ ಮಾತು ಕಠಿಣ. ಆದರೆ ಅದು ಕೇಳುವ ಪ್ರಶ್ನೆ ಸರಳ:

ಪಾಯ ಎಷ್ಟು ಗಟ್ಟಿ? ಅದು ಎಷ್ಟು ಮಹಡಿ ಹೊರಬಲ್ಲದು?
ಸುತ್ತಲೂ ಗಾಳಿ ಬೆಳಕಿಗೆ ಜಾಗ ಬಿಟ್ಟಿದ್ದಾರೆಯೇ?
ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಹತ್ತಿರ ಬರಬಹುದೇ?
ಎಲ್ಲರೂ ಒಮ್ಮೆಲೇ ಓಡಿದರೆ ಮೆಟ್ಟಿಲು ಸಾಕಾಗುತ್ತದೆಯೇ?
ಜನ ಸೇರುವ ಕಟ್ಟಡದಲ್ಲಿ ಹೊರಗೆ ಹೋಗಲು ಬೇರೆ ಬಾಗಿಲು ಇದೆಯೇ? ಅದಕ್ಕೆ ಬೀಗ ಜಡಿದಿಲ್ಲ ತಾನೇ?
ಕರೆಂಟಿನ ತಂತಿ ಸರಿಯಾಗಿದೆಯೇ?
ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆಗಳಿಗೆ ಉತ್ತರ ಸಿಗಲು ನಾಲ್ಕು ಹೆಜ್ಜೆಗಳಿವೆ.

ಮೊದಲ ಹೆಜ್ಜೆ ನಕ್ಷೆ. ಕಟ್ಟುವ ಮೊದಲು ಮನೆಯ ಚಿತ್ರ ಬರೆಸಿ ನಗರಸಭೆಗೆ ಕೊಡಬೇಕು.
ಎರಡನೇ ಹೆಜ್ಜೆ ಪರವಾನಗಿ. ನಕ್ಷೆ ನಿಯಮದಂತೆ ಇದ್ದರೆ ಅಧಿಕಾರಿ ಒಪ್ಪಿಗೆ ಕೊಡುತ್ತಾರೆ. ಅದಕ್ಕೆ ಜನ ಲೈಸೆನ್ಸ್ ಅಂತಾರೆ.
ಮೂರನೇ ಹೆಜ್ಜೆ ತಪಾಸಣೆ. ಕಟ್ಟುವಾಗ ಅಧಿಕಾರಿ ಬಂದು ನೋಡಬೇಕು. ಚಿತ್ರದಲ್ಲಿ ಇದ್ದಂತೆಯೇ ಕಟ್ಟುತ್ತಿದ್ದಾರಾ ಅಂತ ತಾಳೆ ಹಾಕಬೇಕು.
ನಾಲ್ಕನೇ ಹೆಜ್ಜೆ ವಾಸಯೋಗ್ಯ ಪತ್ರ. ಕಟ್ಟಿ ಮುಗಿದ ಮೇಲೆ "ಇದರಲ್ಲಿ ಜನ ಇರಬಹುದು" ಎಂದು ಕೊಡುವ ಪತ್ರ ಇದು. ಇದಕ್ಕೆ ಓಸಿ ಅಂತಲೂ ಹೇಳುತ್ತಾರೆ.

ಪರವಾನಗಿ ಕೊಡುವವರು ಅಧಿಕಾರಿ. ಹಾಗಾದರೆ ಸದಸ್ಯರಿಗೆ ಏನು ಕೆಲಸ? ಸಭೆಯಲ್ಲಿ ಕೇಳುವ ಕೆಲಸ. "ಈ ವರ್ಷ ಎಷ್ಟು ಪರವಾನಗಿ ಕೊಟ್ಟಿರಿ? ಎಷ್ಟು ಕಟ್ಟಡ ಹೋಗಿ ನೋಡಿದಿರಿ? ನಿಯಮ ಮುರಿದವರಿಗೆ ನೋಟಿಸ್ ಕೊಟ್ಟಿರಾ? ನಮ್ಮ ಶಾಲೆ, ಅಂಗನವಾಡಿ ಕಟ್ಟಡ ಯಾವಾಗ ನೋಡಿದಿರಿ?" ಹೀಗೆ ಕೇಳುವ ಸದಸ್ಯೆ ಇದ್ದರೆ ಅಧಿಕಾರಿ ಉತ್ತರ ತಯಾರು ಮಾಡಿಕೊಂಡು ಬರುತ್ತಾರೆ. ಕೇಳುವವರೇ ಇಲ್ಲದಿದ್ದರೆ ಕಡತ ಮಲಗಿಬಿಡುತ್ತದೆ.

4. ಫಲಕ ಓದೋಣ

ದೊಡ್ಡ ಕಟ್ಟಡ ಏಳುವ ಜಾಗದಲ್ಲಿ ಫಲಕ ನೋಡಿದ್ದೀರಾ? 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಕಟ್ಟಡ ಕಟ್ಟುವಷ್ಟು ದಿನವೂ ಒಪ್ಪಿಗೆ ಸಿಕ್ಕ ನಕ್ಷೆಯನ್ನು ಆ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು ಎಂದು ಅದರಲ್ಲಿ ಹೇಳಿದೆ. ಅಧಿಕಾರಿಗಳು ಆಗಾಗ ಬಂದು ನೋಡಬೇಕು, ನೋಡಿದ್ದನ್ನು ಬರೆದಿಡಬೇಕು ಎಂದೂ ಹೇಳಿದೆ.

ಈಗ ಒಂದು ಸಂಭಾಷಣೆ. ಒಬ್ಬರು ಅಕ್ಕ ಆಗಿ. ಇನ್ನೊಬ್ಬರು ತಂಗಿ ಆಗಿ. ಜೋರಾಗಿ ಓದಿ.

ತಂಗಿ: ಅಕ್ಕಾ, ನಮ್ಮ ಮನಿ ಬಾಜೂಕ ಏಳೋ ಕಟ್ಟಡ ನೋಡೀಯೇನ? ಮತ್ತೊಂದು ಮಹಡಿ ಏರಸಾಕ ಹತ್ಯಾರ.

ಅಕ್ಕ: ನೋಡೇನಿ. ಅಲ್ಲೇ ಒಂದು ಫಲಕ ಹಾಕ್ಯಾರಲ್ಲ, ಅದನ್ನ ಓದೀಯೇನ?

ತಂಗಿ: ಇಲ್ಲಕ್ಕಾ. ಅದು ನಮಗ್ಯಾಕ ಅಂತ ಬಿಟ್ಟೆ.

ಅಕ್ಕ: ಆ ಗ್ವಾಡಿ ಬಿದ್ದರ ಯಾರ ಮನಿ ಮ್ಯಾಲ ಬೀಳತೈತಿ?

ತಂಗಿ: ನಮ್ಮ ಮನಿ ಮ್ಯಾಲನ.

ಅಕ್ಕ: ಹಂಗಾದರ ಅದು ನಮಗ ಬೇಕಾದ ಫಲಕ. ಬಾ, ಓದೂಣು.

(ಇಬ್ಬರೂ ಹೋಗಿ ಫಲಕದ ಮುಂದೆ ನಿಲ್ಲುತ್ತಾರೆ.)

ತಂಗಿ: ಪ-ರ-ವಾ-ನ-ಗಿ ಸಂಖ್ಯೆ. ಮುಂದ ಅಂಕಿ ಐತಿ. "ಒಪ್ಪಿಗೆ ಸಿಕ್ಕ ಮಹಡಿಗಳು: ನೆಲ ಮಹಡಿ ಮತ್ತು ಮೇಲೆ ಎರಡು."

ಅಕ್ಕ: ಈಗ ತಲಿ ಎತ್ತಿ ಎಣಸು.

ತಂಗಿ: ನೆಲದ್ದು ಬಿಟ್ಟು ಒಂದು, ಎರಡು, ಮೂರು... ಅಯ್ಯ, ನಾಕನೇದಕ್ಕ ಕಬ್ಬಿಣ ನಿಲ್ಲಿಸ್ಯಾರಲ್ಲ!

ಅಕ್ಕ: ಓದೂದು ಆತು. ಎಣಸೂದು ಆತು. ಇನ್ನ ಬರಿಯೂದು ಉಳೀತು. ನಗರಸಭೆಗೆ ಅರ್ಜಿ ಬರಿಯೂಣು.

ತಂಗಿ: ಬ್ಯಾಡಕ್ಕಾ. ನಮ್ಮ ಮನಿಯವರು ಅಲ್ಲೇ ಗೌಂಡಿ ಕೆಲಸಕ್ಕ ಹೋಗ್ತಾರ. ಕೆಲಸ ನಿಂತರ ಪಗಾರ ಎಲ್ಲಿಂದ ಬರಬೇಕು?

ಅಕ್ಕ: ಖರೇ ಮಾತು. ಪಗಾರ ಬೇಕು. ಆದರ ಆ ಕಟ್ಟಡ ಕುಸೀತಂದರ ಮೊದಲು ಸಿಗೋರು ಯಾರು?

(ತಂಗಿ ಸುಮ್ಮನಾಗುತ್ತಾಳೆ.)

ತಂಗಿ: ಮಾಲಕರು ನಮ್ಮ ಮ್ಯಾಲ ಸಿಟ್ಟು ಮಾಡೂದಿಲ್ಲೇನ?

ಅಕ್ಕ: ಒಬ್ಬಾಕಿ ಬರದರ ಒಬ್ಬಾಕಿ ಮ್ಯಾಲ ಸಿಟ್ಟು. ಓಣಿಯ ಹತ್ತು ಮಂದಿ ಸಹಿ ಮಾಡಿದರ ಅದು ಓಣಿಯ ಮಾತು. ನಮ್ಮ ಸಂಘದ ಸಭಾದಾಗ ಇವತ್ತ ಇದನ್ನ ಹೇಳೂಣು.

ತಂಗಿಯ ಚಿಂತೆ ಸುಳ್ಳಲ್ಲ. ದಿನಗೂಲಿಯ ಮನೆಯಲ್ಲಿ ಒಂದು ದಿನದ ಕೂಲಿಗೂ ಬೆಲೆ ಇದೆ. ಆದ್ದರಿಂದಲೇ ಒಂದು ವಿಷಯ ತಿಳಿದಿರಲಿ. ಕಟ್ಟಡ ಕೆಲಸ ಮಾಡುವವರಿಗಾಗಿ ರಾಜ್ಯದಲ್ಲಿ ಕಲ್ಯಾಣ ಮಂಡಳಿ ಇದೆ. 18ರಿಂದ 60 ವರ್ಷದವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ, ಅದರಲ್ಲಿ ಹೆಸರು ಬರೆಸಬಹುದು. ಕಲ್ಲು ಹೊರುವ ಹೆಣ್ಣುಮಕ್ಕಳೂ ಬರೆಸಬಹುದು. ಅಪಘಾತ ಆದರೆ ನೆರವು ಸಿಗುತ್ತದೆ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ.

5. ನಿಯಮದ ಹೆಸರಲ್ಲಿ ನಮ್ಮ ಮನೆ ಕೆಡವಬಹುದೇ?

ಈ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಬಂದಿರಬಹುದು. "ನಿಯಮ ನಿಯಮ ಅಂತೀರಿ. ಕೊನೆಗೆ ಜೆಸಿಬಿ ಬರೋದು ಬಡವರ ಮನೆ ಮುಂದೆ ತಾನೇ?" ಅಂತ ನೀವು ಕೇಳಬಹುದು. ಕೇಳಬೇಕಾದ ಮಾತೇ ಇದು.

2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು ಈ ಬಗ್ಗೆ ತೀರ್ಪು ಕೊಟ್ಟಿತು. ಮನೆ ಕೆಡವುವ ಮೊದಲು ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಡಬೇಕು. ನೋಟಿಸನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಬೇಕು. ಮನೆಯ ಮೇಲೂ ಅಂಟಿಸಬೇಕು. ಯಾವ ನಿಯಮ ಮುರಿದಿದೆ ಎಂದು ಅದರಲ್ಲಿ ಬರೆಯಬೇಕು. ಮನೆಯವರ ಮಾತು ಕೇಳಬೇಕು. ಯಾರ ಮೇಲಾದರೂ ಪೊಲೀಸ್ ಕೇಸು ಇದೆ ಎಂಬ ಕಾರಣಕ್ಕೇ ಅವರ ಮನೆ ಕೆಡವಬಾರದು. ಇದು ತೀರ್ಪಿನ ಸಾರ.

ಆದರೆ ಒಂದು ಮಾತು. ರಸ್ತೆ, ಫುಟ್‌ಪಾತು, ರೈಲು ಹಳಿ, ನದಿ ಇಂಥ ಸಾರ್ವಜನಿಕ ಜಾಗದಲ್ಲಿ ಅನುಮತಿ ಇಲ್ಲದೆ ಕಟ್ಟಿದ್ದರೆ ಈ ರಕ್ಷಣೆ ಸಿಗುವುದಿಲ್ಲ ಎಂದೂ ಅದೇ ತೀರ್ಪು ಹೇಳಿದೆ.

ಆದ್ದರಿಂದ ನೋಟಿಸ್ ಬಂದರೆ ಹೆದರಿ ಗೂಡಿನಲ್ಲಿ ಇಡಬೇಡಿ. ಅಂದೇ ಓದಿ. ತಾರೀಕು ನೋಡಿ. 15 ದಿನ ಎಣಿಸಿ. ಅರ್ಥ ಆಗದಿದ್ದರೆ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಒಯ್ಯಿರಿ. ಅಲ್ಲಿ ಹೆಂಗಸರಿಗೆ ಉಚಿತವಾಗಿ ವಕೀಲರ ನೆರವು ಸಿಗುತ್ತದೆ.

6. ಠಾಣೆಗೂ ಪರೀಕ್ಷೆ ಬೇಕು

ಕಟ್ಟಡದ ಮಾತು ಆಯಿತು. ಈಗ ಪೊಲೀಸ್ ಠಾಣೆಯ ಮಾತು.

ನಮ್ಮ ದೇಶದಲ್ಲಿ ಪೊಲೀಸರು ನಗರಸಭೆಯ ಕೈಕೆಳಗೆ ಇಲ್ಲ. ಅವರು ರಾಜ್ಯ ಸರ್ಕಾರದ ಕೈಕೆಳಗೆ ಇದ್ದಾರೆ. ಜಿಲ್ಲೆಗೆ ಪೊಲೀಸ್ ವರಿಷ್ಠಾಧಿಕಾರಿ ಇರುತ್ತಾರೆ. ಅವರನ್ನು ಎಸ್.ಪಿ. ಅಂತೀವಿ. ದೊಡ್ಡ ನಗರಗಳಲ್ಲಿ ಪೊಲೀಸ್ ಕಮಿಷನರ್ ಇರುತ್ತಾರೆ.

ಅಮೆರಿಕ ದೇಶದಲ್ಲಿ ಹಾಗಲ್ಲ. ಅಲ್ಲಿ ಎಷ್ಟೋ ಊರುಗಳಲ್ಲಿ ಪೊಲೀಸ್ ಇಲಾಖೆ ಆ ಊರಿನ ನಗರಸಭೆಗೇ ಸೇರಿದ್ದು. ಅಲ್ಲಿ 1979ರಲ್ಲಿ ಒಂದು ಆಯೋಗ ಹುಟ್ಟಿತು. ಪೊಲೀಸ್ ಇಲಾಖೆ ಹೇಗೆ ಕೆಲಸ ಮಾಡಬೇಕು ಎಂದು ಅದು ಪಟ್ಟಿ ಮಾಡಿದೆ. ಇಷ್ಟ ಇರುವ ಇಲಾಖೆ ಅರ್ಜಿ ಹಾಕುತ್ತದೆ. ಹೊರಗಿನವರು ಬಂದು ಪರೀಕ್ಷೆ ಮಾಡುತ್ತಾರೆ. ಸರಿ ಇದ್ದರೆ ಮಾನ್ಯತೆ ಕೊಡುತ್ತಾರೆ. ಕೆಲವು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಇದಕ್ಕೆ ಖರ್ಚು ಇದೆ. ಮಾಡಿಸಬೇಕೋ ಬೇಡವೋ ಎಂದು ನಗರಸಭೆಯ ಸದಸ್ಯರು ಸಭೆಯಲ್ಲಿ ಕೂತು ಮಾತಾಡುತ್ತಾರೆ.

ನಮ್ಮಲ್ಲಿ ಕೇಂದ್ರ ಗೃಹ ಇಲಾಖೆ ದೇಶದ ಠಾಣೆಗಳಲ್ಲಿ ಒಳ್ಳೆಯವನ್ನು ಆರಿಸುತ್ತದೆ. ಅಪರಾಧ ಹೇಗೆ ತಡೆದರು, ಕೇಸು ಹೇಗೆ ನಡೆಸಿದರು ಎಂದು ನೋಡುತ್ತದೆ. ಊರಿನ ಜನರ ಅಭಿಪ್ರಾಯವನ್ನೂ ಕೇಳುತ್ತದೆ. 2018ರ ಪಟ್ಟಿಯಲ್ಲಿ ಧಾರವಾಡ ಜಿಲ್ಲೆಯ ಗುಡಗೇರಿ ಠಾಣೆ ಇಡೀ ದೇಶದಲ್ಲಿ 5ನೆಯದಾಗಿ ಬಂತು. ಗುಡಗೇರಿ ದೊಡ್ಡ ನಗರ ಅಲ್ಲ. ಒಳ್ಳೆಯ ಠಾಣೆ ಆಗಲು ದೊಡ್ಡ ಊರೇ ಬೇಕೆಂದಿಲ್ಲ ಎಂದು ಇದರಿಂದ ತಿಳಿಯುತ್ತದೆ.

ದೂರದಿಂದ ಬಂದವರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಬಹುದು. ಠಾಣೆಗೆ ಹೋಗುವ ಹೆಣ್ಣುಮಗಳು ಪ್ರತಿ ಸಲವೂ ಪರೀಕ್ಷೆ ಮಾಡಬಹುದು. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ಈ ಪ್ರಶ್ನೆಗಳನ್ನು ನೆನಪಿಡಿ.

ಒಂದು. ದೂರು ಬರೆದುಕೊಂಡರೇ? ಗಂಭೀರ ಅಪರಾಧದ ದೂರನ್ನು ನೀವು ಬಾಯಲ್ಲಿ ಹೇಳಿದರೂ ಅವರು ಬರೆದುಕೊಳ್ಳಬೇಕು. ಬರೆದದ್ದನ್ನು ಓದಿ ಹೇಳಬೇಕು. ಈಗ ನೀವೇ ಓದಿ. ನೀವು ಹೇಳಿದ್ದೇ ಅದರಲ್ಲಿ ಇದ್ದರೆ ಸಹಿ ಹಾಕಿ. ಬೇರೆ ಇದ್ದರೆ ತಿದ್ದಲು ಹೇಳಿ.

ಎರಡು. ಪ್ರತಿ ಕೊಟ್ಟರೇ? ದಾಖಲಾದ ದೂರಿಗೆ ಎಫ್.ಐ.ಆರ್. ಎಂದು ಹೆಸರು. ಅದರ ಒಂದು ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆ ಕೊಡಬೇಕು.

ಮೂರು. "ಇದು ನಮ್ಮ ಠಾಣೆಗೆ ಬರೋದಿಲ್ಲ" ಅಂದರೇ? ಗಂಭೀರ ಅಪರಾಧ ಯಾವ ಊರಿನಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ಅವರು ಅದನ್ನು ಸರಿಯಾದ ಠಾಣೆಗೆ ಕಳಿಸಬೇಕು.

ನಾಲ್ಕು. ಮಹಿಳಾ ಸಿಬ್ಬಂದಿ ಇದ್ದರೇ? ಅತ್ಯಾಚಾರ, ಲೈಂಗಿಕ ಕಿರುಕುಳದಂಥ ದೂರನ್ನು ಹೆಣ್ಣುಮಗಳು ಕೊಟ್ಟಾಗ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು.

ಐದು. ರಾತ್ರಿ ಹಿಡಿದರೇ? ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವ ಮೊದಲು ಹೆಂಗಸನ್ನು ಬಂಧಿಸಬಾರದು. ತೀರಾ ಅಗತ್ಯ ಇದ್ದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಒಪ್ಪಿಗೆ ಪಡೆದು ಬಂಧಿಸಬೇಕು.

ಆರು. ಕ್ಯಾಮೆರಾ ಇದೆಯೇ? ಪ್ರತಿ ಠಾಣೆಯಲ್ಲೂ ಸಿ.ಸಿ. ಕ್ಯಾಮೆರಾ ಇರಬೇಕು ಎಂದು 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು ಆದೇಶ ಮಾಡಿತು. ಬಾಗಿಲಿನಿಂದ ಹಿಡಿದು ಲಾಕಪ್ಪಿನವರೆಗೆ ಅದು ಇರಬೇಕು.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಸುಮ್ಮನೆ ಮನೆಗೆ ಬರಬೇಡಿ. ಅದೇ ದೂರನ್ನು ಬರೆದು ಅಂಚೆಯಲ್ಲಿ ಎಸ್.ಪಿ. ಅವರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಕೋರ್ಟಿಗೆ ಹೋಗಬಹುದು. ಅಪಾಯದ ಹೊತ್ತಿನಲ್ಲಿ 112ಕ್ಕೆ ಫೋನು ಮಾಡಿ. ಹೆಣ್ಣುಮಕ್ಕಳ ಸಹಾಯವಾಣಿ 181. ಮಕ್ಕಳ ಸಹಾಯವಾಣಿ 1098.

ಹಾಗಾದರೆ ನಗರಸಭೆಗೂ ಠಾಣೆಗೂ ಸಂಬಂಧವೇ ಇಲ್ಲವೇ? ಇದೆ. ಬೀದಿ ದೀಪ ಹಾಕುವುದು ನಗರಸಭೆ. ಹೆಂಗಸರ ಶೌಚಾಲಯ ಕಟ್ಟುವುದು ನಗರಸಭೆ. ಬಸ್ ನಿಲ್ದಾಣದ ಹಿಂದಿನ ಕತ್ತಲೆ ಹೋದರೆ ಪೊಲೀಸರ ಅರ್ಧ ಕೆಲಸ ಆದಂತೆ. "ನಮ್ಮ ವಾರ್ಡಿಗೆ ಹೊರಠಾಣೆ ಬೇಕು, ಸಂಜೆ ಮಹಿಳಾ ಪೊಲೀಸರ ಗಸ್ತು ಬೇಕು" ಎಂದು ಸಭೆ ತೀರ್ಮಾನ ಮಾಡಿ ಎಸ್.ಪಿ. ಅವರಿಗೆ ಬರೆಯಬಹುದು. ಪೊಲೀಸರಿಗೆ ಅಪ್ಪಣೆ ಮಾಡಲು ನಗರಸಭೆಗೆ ಬರುವುದಿಲ್ಲ. ಕೇಳಲು ಬರುತ್ತದೆ.

7. ಅರ್ಜಿ ಬರೆಯೋಣ

ಕೆಳಗಿನ ಅರ್ಜಿಯನ್ನು ಓದಿ. ಚುಕ್ಕೆ ಇರುವ ಜಾಗದಲ್ಲಿ ನಿಮ್ಮ ಊರಿನ ವಿವರ ಬರೆಯಿರಿ.

ಇವರಿಗೆ,
ಪೌರಾಯುಕ್ತರು / ಮುಖ್ಯಾಧಿಕಾರಿಗಳು,
............ ನಗರಸಭೆ / ಪುರಸಭೆ

ಇವರಿಂದ,
............ ವಾರ್ಡಿನ ಮಹಿಳೆಯರು

ಮಾನ್ಯರೇ,

ವಿಷಯ: ನಮ್ಮ ವಾರ್ಡಿನ ಕಟ್ಟಡ ಪರೀಕ್ಷೆ ಮಾಡುವ ಬಗ್ಗೆ.

ನಮ್ಮ ವಾರ್ಡಿನ ............ ರಸ್ತೆಯಲ್ಲಿ ಒಂದು ಕಟ್ಟಡ ಕಟ್ಟುತ್ತಿದ್ದಾರೆ. ಫಲಕದಲ್ಲಿ ...... ಮಹಡಿ ಎಂದು ಬರೆದಿದೆ. ಈಗ ...... ಮಹಡಿ ಆಗಿದೆ. ಪಕ್ಕದಲ್ಲಿ ನಮ್ಮ ಮನೆಗಳಿವೆ. ಮಕ್ಕಳು ಅಲ್ಲೇ ಆಡುತ್ತಾರೆ. ದಯವಿಟ್ಟು ಬಂದು ಪರೀಕ್ಷೆ ಮಾಡಿ. ಏನು ಕ್ರಮ ತೆಗೆದುಕೊಂಡಿರಿ ಎಂದು ನಮಗೆ ಬರೆದು ತಿಳಿಸಿ.

ತಾರೀಕು: ............
ಸಹಿಗಳು: ............

ಅರ್ಜಿಯ ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಗೆ ಕೊಡಿ. ಇನ್ನೊಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಅದು ನಿಮ್ಮ ಹತ್ತಿರ ಇರಲಿ. ಇನ್ನೊಂದು ಪ್ರತಿ ಮಾಡಿ ವಾರ್ಡಿನ ಸದಸ್ಯೆಗೂ ಕೊಡಿ. "ಮುಂದಿನ ಸಭೆಯಲ್ಲಿ ಇದನ್ನು ಕೇಳವ್ವ" ಅಂತ ಹೇಳಿ.

ಉತ್ತರ ಬರಲಿಲ್ಲವೇ? 2005ರಲ್ಲಿ ಮಾಹಿತಿ ಹಕ್ಕು ಕಾಯಿದೆ ಬಂದಿದೆ. 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ. ಪರವಾನಗಿಯ ಪ್ರತಿ ಕೇಳಬಹುದು. ಸಭೆಯ ನಡಾವಳಿಯ ಪ್ರತಿಯನ್ನೂ ಕೇಳಬಹುದು.

ಹೊಸ ಪದಗಳು. ಓದಿ, ಎರಡು ಸಲ ಬರೆಯಿರಿ.

ಪರವಾನಗಿ: ಒಪ್ಪಿಗೆ ಪತ್ರ
ತಪಾಸಣೆ: ಬಂದು ನೋಡುವುದು, ಪರೀಕ್ಷೆ
ನಡಾವಳಿ: ಸಭೆಯ ತೀರ್ಮಾನ ಬರೆದ ಪುಸ್ತಕ
ಮಾನ್ಯತೆ: ಪರೀಕ್ಷೆ ಮಾಡಿ "ಸರಿ ಇದೆ" ಎಂದು ಒಪ್ಪುವುದು
ಪೌರಾಯುಕ್ತರು: ನಗರಸಭೆಯ ಮುಖ್ಯ ಅಧಿಕಾರಿ

ಉತ್ತರ ಬರೆಯಿರಿ

1. ನಿಮ್ಮ ವಾರ್ಡಿನ ಸಂಖ್ಯೆ ಎಷ್ಟು? ಸದಸ್ಯರ ಹೆಸರೇನು?
2. ಕಟ್ಟಡ ಕಟ್ಟುವ ನಾಲ್ಕು ಹೆಜ್ಜೆಗಳು ಯಾವುವು?
3. ಪೊಲೀಸರು ಯಾರ ಕೈಕೆಳಗೆ ಇದ್ದಾರೆ? ನಗರಸಭೆಯೋ, ರಾಜ್ಯ ಸರ್ಕಾರವೋ?
4. ಎಫ್.ಐ.ಆರ್. ಪ್ರತಿಗೆ ದುಡ್ಡು ಕೊಡಬೇಕೇ?

ಲೆಕ್ಕ ಮಾಡಿ

ಒಂದು ಮನೆಗೆ ಜೂನ್ 3ರಂದು ನೋಟಿಸ್ ಬಂತು. 15 ದಿನ ಮುಗಿಯುವುದು ಯಾವ ತಾರೀಕಿಗೆ?

ಎಲ್ಲರೂ ಮಾತಾಡಿ

ಸಂಭಾಷಣೆಯಲ್ಲಿ ತಂಗಿ ಮೊದಲು ಅರ್ಜಿ ಬೇಡ ಅಂದಳು. ಯಾಕೆ? ನೀವು ಅವಳ ಜಾಗದಲ್ಲಿ ಇದ್ದರೆ ಏನು ಮಾಡುತ್ತಿದ್ದಿರಿ?

ಈ ವಾರದ ಕೆಲಸ

ನಾಲ್ಕು ಜನ ಸೇರಿ ನಿಮ್ಮ ಓಣಿಯ ಅಂಗನವಾಡಿಗೋ ಶಾಲೆಗೋ ಹೋಗಿ. ಬಾಗಿಲು ಎಷ್ಟು ಎಣಿಸಿ. ಬೀಗ ಹಾಕಿದ ಬಾಗಿಲು ಎಷ್ಟು ನೋಡಿ. ಗೋಡೆಯಲ್ಲಿ ಬಿರುಕು ಇದೆಯೇ? ತಂತಿ ಜೋತುಬಿದ್ದಿದೆಯೇ? ಮಕ್ಕಳೆಲ್ಲ ಒಮ್ಮೆಲೇ ಹೊರಗೆ ಬರಬಹುದೇ? ನೋಡಿದ್ದನ್ನು ಐದು ವಾಕ್ಯದಲ್ಲಿ ಬರೆಯಿರಿ. ಮುಂದಿನ ತರಗತಿಗೆ ತನ್ನಿ. ಎಲ್ಲರಿಗೂ ಕೇಳುವಂತೆ ಓದಿ.